ತತ್ತಿ ನೋಡಲು ಹೋದ ಮೂವರೂ ಡೆನ್ಮಾರ್ಕಿನ ಒಂದು ಕಾಗೆಯೂ

ಶಿರಹಟ್ಟಿಯ ದೀಕ್ಷಿತರು ಡೆನ್ಮಾರ್ಕ್ ದೇಶದಲ್ಲಿ ತಂದೆಯ ಶ್ರಾದ್ಧ ಮಾಡಿದರಂತೆ. ಏಳು ಸಮುದ್ರದ ಆಚೆಗೂ ಆ ತಂದೆ ಕಾಗೆಯಾಗಿ ಬಂದು ಪಿಂಡ ಮುಟ್ಟಿದನಂತೆ. ಅದನ್ನು ಕಂಡು ಅಲ್ಲಿಯ ಬಿಳಿಯ ಹೆಂಗಸು ಮೊಣಕಾಲೂರಿ ಕೈಮುಗಿದಳಂತೆ. ಈ ಕಥೆ ಈಗ ಗದಗಿನ ಚಹಾದಂಗಡಿಗಳಲ್ಲಿ, ಲಕ್ಷ್ಮೇಶ್ವರದ ಸಂತೆಯಲ್ಲಿ, ಮುಂಡರಗಿಯ ಬಸ್ಸಿನಲ್ಲಿ ಓಡಾಡುತ್ತಿದೆ. ಕಳೆದ ವಾರ ಬೆಟಗೇರಿಯ ನೇಕಾರರೊಬ್ಬರು ನನಗೇ ಅದನ್ನು ಹೇಳಿದರು. "ನಾ ಅಲ್ಲೇ ಇದ್ದೆನ್ರಿ" ಎಂದೆ. "ಹಂಗಾರ ನಿಮಗ ಗೊತ್ತಿರಬೇಕಲ್ರಿ" ಎಂದವರು ಮತ್ತೆ ಮೊದಲಿನಿಂದ ಶುರು ಮಾಡಿದರು.

ನಾನು ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಒಂದು ಮಾತಿನಲ್ಲಿ ಮೂರು ಅಂಶಗಳಿದ್ದರೆ ಮೂರನ್ನೂ ಬೇರೆ ಬೇರೆ ತೂಗುವ ಚಟ ಹತ್ತಿದೆ. ಶ್ರಾದ್ಧ ಮಾಡಿದ್ದು ಖರೆ. ಹೆಂಗಸು ಮೊಣಕಾಲೂರಿದ್ದೂ ಖರೆ. ಆದರೆ ಆಕೆ ಕೋಳಿಮನೆಯ ಅಡಿಯಲ್ಲಿ ಇಲಿಯ ಬಿಲ ಹುಡುಕುತ್ತಿದ್ದಳು. ಕಾಗೆ ಬಂದದ್ದೂ ಖರೆ. ಅದು ಯಾಕೆ ಬಂತು ಎನ್ನುವುದರಲ್ಲಿ ನನ್ನ ತಕರಾರು.

ಕಥೆ ನಮಗಿಂತ ಮೊದಲು ಊರು ಮುಟ್ಟಿತ್ತು. ಶ್ರಾದ್ಧದ ಸಂಜೆಯೇ ದೀಕ್ಷಿತರು ಮನೆಗೆ ಒಂದು ಕಾರ್ಡು ಹಾಕಿದ್ದರು. "ಕಾಗೆ ಮುಟ್ಟಿತು" ಎಂಬ ಒಂದೇ ಸಾಲು. ಉಳಿದದ್ದನ್ನೆಲ್ಲ, ನಾವು ಬಂದ ಮೇಲೆ ಆಡಿದ ತುಂಡು ಮಾತುಗಳನ್ನು ಹೆಕ್ಕಿ, ಶಿರಹಟ್ಟಿ ಸೇರಿಸಿತು. ಈಗ ಯಾರಾದರೂ ಕೇಳಿದರೆ ದೀಕ್ಷಿತರು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ನಾನು ಬರೆಯುತ್ತೇನೆ ಎಂದಾಗ ಮಾತ್ರ, "ಬರಿ. ಬರಿಯೂದಿದ್ರ ಖರೆ ಬರಿ" ಎಂದರು.

ಗದಗ: ಆಯ್ಕೆ

ದೀಕ್ಷಿತರೆಂದರೆ ನನ್ನ ತಾಯಿಯ ಅಣ್ಣ, ನನ್ನ ಮಾಮಾ. ನಿವೃತ್ತ ಹೆಡ್‌ಮಾಸ್ತರ. ಡೆನ್ಮಾರ್ಕಿನ ಸಂಘವೊಂದು, ಕೋಳಿಗಳನ್ನು ರೋಗ ತಾಗದಂತೆ ಸಾಕಿ ತತ್ತಿ ಮಾರುವ ಬಗೆಯನ್ನು ಹತ್ತು ದಿನ ಕಣ್ಣಾರೆ ನೋಡಿ ಹೋಗಿ ಎಂದು ನಮ್ಮ ಕಡೆಯ ಮೂವರನ್ನು ಕರೆದಿತ್ತು. ಮೂವರನ್ನು ಆರಿಸಲು ಗದಗಿನಲ್ಲಿ ಸಮಿತಿ ಕೂತಿತು. ಜನ್ಮದಲ್ಲಿ ತತ್ತಿ ಮುಟ್ಟದ ಮಾಮಾನನ್ನು ಮುಖಂಡನನ್ನಾಗಿ ಮಾಡಿದ್ದಕ್ಕೆ ಸಮಿತಿ ಕಾರಣ ಬರೆದಿಟ್ಟಿದೆ: ತಿನ್ನುವವನಿಗೆ ತತ್ತಿಯ ಮೇಲೆ ಮೋಹವಿರುತ್ತದೆ, ತಿನ್ನದವನು ನಿಷ್ಪಕ್ಷಪಾತಿ. ಇದೇ ತರ್ಕ ಹಿಡಿದರೆ ತುಂಗಭದ್ರೆಯಲ್ಲಿ ದೋಣಿ ನಡೆಸಲು ಈಜು ಬಾರದವರನ್ನು ನೇಮಿಸಬೇಕು.

ನನ್ನನ್ನು ಇಂಗ್ಲಿಷಿಗಾಗಿ ಆರಿಸಿದರು. ನಾನು ಮುಖಂಡರ ತಂಗಿಯ ಮಗ ಎನ್ನುವುದಕ್ಕೂ ನನ್ನ ಆಯ್ಕೆಗೂ ಯಾವ ಸಂಬಂಧವೂ ಇಲ್ಲವೆಂದು ಸಮಿತಿಯ ಅಧ್ಯಕ್ಷರು ಸಭೆಯಲ್ಲಿ ಸ್ಪಷ್ಟಪಡಿಸಿದರು. ಅಧ್ಯಕ್ಷರು ಮಾಮಾನೇ. ಮೂರನೆಯವನು ಡಂಬಳದ ಫಕ್ಕೀರಪ್ಪ, ಐವತ್ತರ ಆಸುಪಾಸಿನ ರೈತ. ನಿಜವಾಗಿ ಕೋಳಿ ಸಾಕಿದವನು ಆತನೊಬ್ಬನೇ. ಆತನ ಹೆಸರು ಪಟ್ಟಿಯಲ್ಲಿ ಹೇಗೆ ಸೇರಿತೆಂದು ಯಾರಿಗೂ ನೆನಪಿಲ್ಲ; ಬಹುಶಃ ಕೈತಪ್ಪಿ ಸೇರಿರಬೇಕು.

ನಾವು ಹೋಗಿ ಬರುವುದರೊಳಗೆ ಏಕೀಕರಣವಾಯಿತು. ನಾನು ಸಣ್ಣವನಿದ್ದಾಗ ಗದಗು ಬಿಟ್ಟು ಶಿರಹಟ್ಟಿಯಲ್ಲಿ ಉಂಡು ಲಕ್ಷ್ಮೇಶ್ವರದಲ್ಲಿ ಇಳಿದರೆ ಬ್ರಿಟಿಷರದು, ಸಾಂಗಲಿಯವರದು, ಮಿರಜದವರದು ಎಂದು ಮೂರು ದೊರೆತನ ದಾಟಿದಂತಾಗುತ್ತಿತ್ತು. ಈಗ ಎಲ್ಲ ಒಂದೇ ರಾಜ್ಯ, ಸಂತೋಷ. ನಮ್ಮ ವರದಿಗೆ ಮಾತ್ರ ರಾಜ್ಯವಿಲ್ಲ. ನಮ್ಮನ್ನು ಕಳಿಸಿದ ಹಳೆಯ ರಾಜ್ಯದ ಕಚೇರಿ "ನೀವೀಗ ನಮ್ಮವರಲ್ಲ" ಎಂದು ಮರಳಿಸಿತು. ಹೊಸ ಕಚೇರಿ "ನಿಮ್ಮನ್ನು ನಾವು ಕಳಿಸಿಲ್ಲ" ಎಂದು ಮರಳಿಸಿತು. ಹಾಗಾಗಿ ಓದುಗರಿಗೇ ಒಪ್ಪಿಸುತ್ತಿದ್ದೇನೆ.

ಮೋಡದ ಮೇಲೆ

ಸಮುದ್ರ ದಾಟಿದರೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಲ್ಲ ಎಂದು ವಿಮಾನದಲ್ಲಿ ಮಾಮಾನನ್ನು ಕೆಣಕಿದೆ.

"ಹಡಗದಾಗ ಹೋದ್ರ ದಾಟಿದಂಗ," ಎಂದ ಮಾಮಾ. "ನಾವು ಮ್ಯಾಲಿಂದ ಹೊಂಟೀವಿ. ಸಮುದ್ರಕ್ಕ ಗೊತ್ತ ಇಲ್ಲ."

"ಹಂಗಾದ್ರ ಹಕ್ಕಿಗೂ ಜಾತಿ ಕೆಡೂದಿಲ್ಲೇನು?"

"ಹಕ್ಕಿಗೆ ಎಲ್ಲೀ ಜಾತಿಯೋ, ಹುಚ್ಚಪ್ಪಾ."

ಫಕ್ಕೀರಪ್ಪ ಕಿಟಕಿಯಿಂದ ತಲೆ ತಿರುಗಿಸಿದ. "ಕೋಳಿಗೆ ಐತ್ರಿ ದೀಕ್ಷಿತರ. ಜವಾರಿ ಬ್ಯಾರೆ, ವಿಲಾಯತಿ ಬ್ಯಾರೆ. ವಿಲಾಯತಿ ಹುಂಜ ನಮ್ಮ ಹ್ಯಾಟಿ ಕೋಳಿ ಕಡೆ ಹೊಳ್ಳಿ ನೋಡಂಗಿಲ್ಲ."

ಮಾಮಾನ ಟ್ರಂಕಿನಲ್ಲಿ ಅಕ್ಕಿ, ತೊಗರಿಬೇಳೆ, ಅವಲಕ್ಕಿ, ಮೆಂತೆಹಿಟ್ಟು, ಎಳ್ಳು, ದರ್ಭೆ ಇದ್ದವು. ಇಳಿದ ಕೂಡಲೆ ಸುಂಕದ ಅಧಿಕಾರಿ ಮೆಂತೆಹಿಟ್ಟಿನ ಡಬ್ಬಿ ಬಿಚ್ಚಿ ಮೂಸಿ ನೋಡಿ ಏಳು ಸಲ ಸೀನಿದ. ದರ್ಭೆ ಎತ್ತಿ ಹಿಡಿದು ಇದೇನು ಎಂದು ಕೇಳಿದ. ಹುಲ್ಲು ಎಂದೆ. ಹುಲ್ಲನ್ನು ಯಾಕೆ ತಂದಿರಿ, ನಮ್ಮಲ್ಲಿ ಹುಲ್ಲಿಲ್ಲವೆ ಎಂದ.

ಮೊದಲ ದಿನ: ಬಾಗಿಲಿನಲ್ಲಿ

ನಮ್ಮನ್ನು ಇಳಿಸಿದ್ದು ಹಳ್ಳಿಗಾಡಿನ ಒಂದು ಕೋಳಿ ಸಾಕಣೆಯ ಮನೆಯಲ್ಲಿ. ನಾಲ್ಕು ಉದ್ದುದ್ದ ಕೋಳಿಮನೆಗಳು, ಅವುಗಳಲ್ಲಿ ಒಂಬೈನೂರು ಬಿಳಿಯ ಕೋಳಿಗಳು. ಒಡತಿ ಕಾರೆನ್ ಎಂಬ ವಿಧವೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಕಡಿಮೆ. ಆಕೆಗೆ ಬರುತ್ತಿದ್ದ ಇಂಗ್ಲಿಷು ನನಗೆ ಬರುತ್ತಿದ್ದುದಕ್ಕಿಂತ ಸಣ್ಣದು. ಆದರೆ ಆಕೆ ಅದರಲ್ಲಿ ಸುತ್ತುಬಳಸಿ ಮಾತಾಡುತ್ತಿರಲಿಲ್ಲವಾಗಿ ನಮಗಿಂತ ಬೇಗ ಮುಗಿಸುತ್ತಿದ್ದಳು. ಫಕ್ಕೀರಪ್ಪ ಆಕೆಯನ್ನು ಮೊದಲ ದಿನವೇ "ಕರೆವ್ವ" ಮಾಡಿಕೊಂಡ.

ಪ್ರತಿ ಕೋಳಿಮನೆಯ ಬಾಗಿಲಿಗೆ ಒಂದು ತೊಟ್ಟಿ, ಅದರಲ್ಲಿ ಔಷಧದ ನೀರು. ಹೊರಗಿನ ಮೆಟ್ಟು ಹೊರಗೇ ಬಿಡಬೇಕು. ಒಳಗೆ ಹಾಕಿಕೊಳ್ಳಲು ಕಟ್ಟಿಗೆಯ ಮೆಟ್ಟುಗಳಿವೆ. ಒಂದನೆಯ ಮನೆಯ ಮೆಟ್ಟು ಎರಡನೆಯ ಮನೆಗೆ ಹೋಗುವಂತಿಲ್ಲ. ಕಾಳು ಚೆಲ್ಲಿದರೆ ಆಗಲೇ ಗುಡಿಸಬೇಕು, ಇಲ್ಲವಾದರೆ ಇಲಿ, ಗುಬ್ಬಿ ಬರುತ್ತವೆ. ಗವಾಕ್ಷಿಗಳಿಗೆಲ್ಲ ತಂತಿಬಲೆ. ಒಡೆದ ತತ್ತಿಗಳಿಗೆ ಮುಚ್ಚಳದ ಬುಟ್ಟಿ, ಸಂಜೆ ಅದು ಒಲೆಯ ಬೆಂಕಿಗೆ.

ನಾನು ಕಾಯುತ್ತಿದ್ದೆ, ಮಾಮಾ ಯಾವಾಗ ಜಗಳ ತೆಗೆಯುತ್ತಾನೆ ಎಂದು. ಆತ ಧೋತರ ಎತ್ತಿ ತೊಟ್ಟಿಯಲ್ಲಿ ಕಾಲಿಟ್ಟು, ಹೊರಬಂದು, ಮತ್ತೆ ಇಟ್ಟ. ಮುಖದಲ್ಲಿ ಕಾಶಿಯಲ್ಲಿ ಮುಳುಗಿ ಎದ್ದ ಕಳೆ.

"ಶೀನಾ, ನಮ್ಮ ಅಡಗಿಮನಿ ಬಿಟ್ರ ಶಾಣ್ಯಾತನ ಇದ್ದ ಜಾಗಾ ಇದೊಂದ ನೋಡು."

"ಮಾಮಾ, ನಮ್ಮ ಅಡಗಿಮನಿಯೊಳಗ ಮಂದೀನ್ನ ಹೊರಗ ಇಡತೀವಿ. ಇಲ್ಲೆ ಜಂತು ಹೊರಗ ಇಡತಾರ. ಎರಡೂ ಒಂದ ಅಲ್ಲ."

"ನಿನ್ನ ಭಾಷಣ ಆಮ್ಯಾಲೆ. ಮೊದಲ ಕಾಲ ತೊಳಕೊ."

ಮುಂದಿನ ಹತ್ತು ದಿನ ಆತ ಆ ನಿಯಮಗಳನ್ನು ಒಂದು ಸಲವೂ ಮುರಿಯಲಿಲ್ಲ. ಈ ಬರವಣಿಗೆಯಲ್ಲಿ ನನಗೆ ಒಪ್ಪಿಕೊಳ್ಳಲು ಕಷ್ಟವಾದ ಮಾತುಗಳಲ್ಲಿ ಇದು ಮೊದಲನೆಯದು.

ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಕಾರೆನ್‌ಳನ್ನು ಕೇಳಿದೆ. ಸಾಲ್ಮೊನೆಲ್ಲಾ ಎಂದಳು. ಕಣ್ಣಿಗೆ ಕಾಣದ ಜಂತು. ಅದರ ಬಳಗದಲ್ಲಿ ಒಂದು ಕೋಳಿಮರಿಗಳಿಗೆ ಬಿಳಿ ಭೇದಿ ಹಿಡಿಸಿ ಕೊಲ್ಲುತ್ತದೆ, ಇನ್ನೊಂದು ತತ್ತಿ ತಿಂದ ಮನುಷ್ಯರನ್ನು ವಾಂತಿಭೇದಿಯಲ್ಲಿ ಮಲಗಿಸುತ್ತದೆ. ದೊಡ್ಡ ಕೋಳಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೂ ನೆಟ್ಟಗೆ ಓಡಾಡುತ್ತದೆ, ಮೇಯುತ್ತದೆ, ತತ್ತಿ ಇಡುತ್ತದೆ. ಯಾರಿಗೂ ಗುಮಾನಿ ಬರುವುದಿಲ್ಲ. ನಮ್ಮಲ್ಲಿ ಇಂಥವರು ಚುನಾವಣೆಗೆ ನಿಲ್ಲುತ್ತಾರೆ. ಇಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ.

ನಾಲ್ಕು ವರ್ಷದ ಹಿಂದೆ ಆ ಪರೀಕ್ಷೆಯಲ್ಲಿ ಆಕೆಯ ಕೋಳಿಗಳು ಸೋತಿದ್ದವು. ಎಲ್ಲವನ್ನೂ ಕೊಂದು ಸುಣ್ಣ ಹಾಕಿ ಹುಗಿಯಬೇಕಾಯಿತು. ಆ ವರ್ಷವೇ ಗಂಡನೂ ತೀರಿಕೊಂಡ. ಈ ಒಂಬೈನೂರನ್ನು ಆಕೆ ಮರಿಯಿಂದ ಒಬ್ಬಳೇ ಬೆಳೆಸಿದ್ದಾಳೆ. ನಾವು ಹೊರಡುವ ಹತ್ತನೆಯ ದಿನವೇ ತಪಾಸಣೆಯ ಅಧಿಕಾರಿ ಬರುವವನಿದ್ದ.

"ಈ ಸಲವೂ ಸೋತರೆ?" ಎಂದು ಕೇಳಿದೆ.

ಆಕೆ ಹಿತ್ತಲಿನ ಒಂದು ಜಾಗ ತೋರಿಸಿದಳು. ಅಲ್ಲಿ ಹುಲ್ಲು ಉಳಿದ ಕಡೆಗಿಂತ ಹಸಿರಾಗಿತ್ತು.

ಎರಡನೆಯ ದಿನ: ತೊಳೆಯದ ತತ್ತಿ

ಹಿಕ್ಕೆ ಹತ್ತಿದ ತತ್ತಿಯನ್ನು ಕಾರೆನ್ ಒಣ ಉಜ್ಜುಕಾಗದದಿಂದ ಉಜ್ಜುತ್ತಾಳೆ, ನೀರು ತಾಗಿಸುವುದಿಲ್ಲ. ಮಾಮಾನಿಗೆ ತಡೆಯಲಾಗಲಿಲ್ಲ. "ತೊಳಿಯೂದಿಲ್ಲಂತ! ಮನೀ ಮುಂದ ಇಷ್ಟು ನೀರದ, ತೊಳಿಯೂದಿಲ್ಲಂತ!"

ಅನುವಾದಿಸಿದೆ. ಆಕೆ ಆಗಷ್ಟೇ ಇಟ್ಟ ಬಿಸಿ ತತ್ತಿಯೊಂದನ್ನು ನೀಲಿ ಬಣ್ಣ ಕಲಸಿದ ತಣ್ಣೀರಿನಲ್ಲಿ ಮುಳುಗಿಸಿಟ್ಟಳು. ತುಸು ಹೊತ್ತು ಬಿಟ್ಟು ತೆಗೆದು, ಒರೆಸಿ, ಒಡೆದು ತೋರಿಸಿದಳು. ಚಿಪ್ಪಿನ ಒಳಮೈಗೆ ನೀಲಿ ಚುಕ್ಕೆಗಳು. ಚಿಪ್ಪಿನಲ್ಲಿ ಕಾಣದ ತೂತುಗಳಿರುತ್ತವೆ, ತಣ್ಣೀರಿಗೆ ಒಳಗಿನದು ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಮೇಲೆ ಹೊಲಸಿದ್ದರೆ ಹೊಲಸೇ ಒಳಗೆ.

ಮಾಮಾ ಬಹಳ ಹೊತ್ತು ಆ ಚಿಪ್ಪನ್ನು ದೂರದಿಂದಲೇ ನೋಡಿದ. "ಅಂದ್ರ ನೀರಿನಿಂದ ಮೈಲಿಗಿ ಒಳಗ ಹೋಗ್ತದ?"

"ಹೋಗ್ತದ."

"ಅರವತ್ತು ವರ್ಷ ಆತು. ಯಾರೂ ಹೇಳಿರ್ಲಿಲ್ಲ ನೋಡು." ಅಂದಿನಿಂದ ಆತ ಎರಡು ಹೊತ್ತಿನ ಸ್ನಾನವನ್ನು ಒಂದಕ್ಕೆ ಇಳಿಸಿದ. ಚಳಿಗೆ ಹೆದರಿಯಲ್ಲ, ವಿಜ್ಞಾನಕ್ಕಾಗಿ ಎಂದ.

ಉಜ್ಜಿದ ಮೇಲೆ ಒಂದೊಂದು ತತ್ತಿಗೂ ಆಕೆಯ ಸಾಕಣೆಯ ಅಂಕಿಯ ಮುದ್ರೆ ಬೀಳುತ್ತದೆ. ಲಂಡನ್ನಿನ ಯಾರದೋ ಬಟ್ಟಲಿನಲ್ಲಿ ಕೆಟ್ಟ ತತ್ತಿ ಒಡೆದರೂ ದೂರು ಈ ಬಾಗಿಲಿಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಬಿದ್ದ ಸೇತುವೆಗೂ ಇಷ್ಟು ಗುರುತಿರುವುದಿಲ್ಲ. ಇದನ್ನು ಕೇಳಿ ಫಕ್ಕೀರಪ್ಪ, "ನಮ್ಮ ಡಂಬಳದಾಗ ತತ್ತಿಗೆ ಅಂಕಿ ಹೊಡದ್ರ, ಕೋಳಿ ಯಾರ್ದು ಅನ್ನೂದಕ್ಕ ಮೊದಲ ಹೊಡದಾಟ ಅಕ್ಕೈತ್ರಿ" ಎಂದ.

ಮೂರನೆಯ ದಿನ: ಕಾಗೆಗೆ ಕಾದದ್ದು

ಅಂದು ನನ್ನ ಅಜ್ಜನ, ಎಂದರೆ ಮಾಮಾನ ತಂದೆಯ ತಿಥಿ. ಶಿರಹಟ್ಟಿಯ ತಿಥಿ ಶಿರಹಟ್ಟಿಯ ಹೊತ್ತಿಗೆ ಮುಗಿಯುತ್ತದೆ, ಇಲ್ಲಿ ಅದು ನಾಲ್ಕೂವರೆ ಗಂಟೆ ಹಿಂದೆ. ಅಜ್ಜ ಯಾವ ಗಡಿಯಾರ ನೋಡುತ್ತಾನೆ ಎಂದು ಬೆಳಿಗ್ಗೆಯೇ ವಾದ ಹೂಡಿದೆ.

"ನಿಮ್ಮಜ್ಜ ಕಚೇರಿಗೆ ಒಂದು ದಿವಸ ತಡಾ ಮಾಡಿದವ ಅಲ್ಲ. ಬರ್ತಾನ," ಎಂದ ಮಾಮಾ.

ಹೊರಗೆ ಅನ್ನ ಇಡುವುದಕ್ಕೆ ಆತ ಕಾರೆನ್‌ಳ ಅನುಮತಿ ಕೇಳಿಸಿದ. ಆಕೆ ಯೋಚಿಸಿ, ಕೋಳಿಮನೆಗಳಿಂದ ದೂರ, ಬಟ್ಟೆ ಒಗೆಯುವ ಕೋಣೆಯ ಹಿಂದಿನ ಗೋಡೆಯ ಮೇಲೆ ಇಡಬಹುದು, ಸಂಜೆಗೆ ತೆಗೆದುಬಿಡಬೇಕು, ಕೋಳಿಗಳ ಕಡೆಯ ಯಾವ ವಸ್ತುವೂ ಅಲ್ಲಿಗೆ ಬರಬಾರದು ಎಂದಳು. ಮಾಮಾ ಮೂರಕ್ಕೂ ಒಪ್ಪಿದ. ಬಾಳೆ ಎಲೆ ಇರಲಿಲ್ಲ. ಕೋಬಿಸಿನ, ಎಂದರೆ ಎಲೆಕೋಸಿನ, ಎಲೆಯ ಮೇಲೆ ಅನ್ನದ ಪಿಂಡ, ಎಳ್ಳು, ದರ್ಭೆ. ದಕ್ಷಿಣ ಯಾವುದೆಂದು ಫಕ್ಕೀರಪ್ಪ ಬಿಸಿಲು ನೋಡಿ ಹೇಳಿದ. ಕಾಗೆ ಮುಟ್ಟುವವರೆಗೆ ಮಾಮಾ ನೀರೂ ಕುಡಿಯುವುದಿಲ್ಲ.

ಅಲ್ಲಿಯ ಕಾಗೆ ಪೂರ್ತಿ ಕಪ್ಪಲ್ಲ. ಮೈಗೆ ಬೂದು ಅಂಗಿ. ತಲೆ, ರೆಕ್ಕೆ ಕಪ್ಪು. ನಮ್ಮ ಅಂಗಳದ ಕಾಗೆಯ ದಾಯಾದಿಯಂತಿದೆ. ಮರದ ಮೇಲೆ ಒಂದನ್ನು ಕಂಡದ್ದೇ ಮಾಮಾ ಹಿಗ್ಗಿದ. "ನೋಡೋ ಶೀನಾ! ಶಿರಹಟ್ಟಿ ಕಾಗಿ!"

ಶಿರಹಟ್ಟಿ ಕಾಗೆ ಹನ್ನೊಂದು ಗಂಟೆಯಿಂದ ಮೂರರವರೆಗೆ ಆ ಮರದ ಮೇಲಿಂದ ಅಲುಗಲಿಲ್ಲ.

ಕಾಗೆ ಬಾರದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದರ್ಥ. ಅದನ್ನು ತೀರಿಸುತ್ತೇವೆಂದು ಗಟ್ಟಿಯಾಗಿ ಹೇಳಬೇಕು. ಮಾಮಾ ಕೈಮುಗಿದು, "ಅಪ್ಪಾ, ನಿನ್ನ ಮೊಮ್ಮಗಳು ಸುಬ್ಬೀ ಲಗ್ನ ಬರೂ ವೈಶಾಖದಾಗ ಮಾಡತೇನಪಾ" ಎಂದ. ಕಾಗೆ ರೆಕ್ಕೆ ಕೆರೆದುಕೊಂಡಿತು. "ಹಿತ್ತಲ ಬಾವಿ ಹೂಳ ತೆಗಸ್ತೇನಿ" ಎಂದ. ಇಲ್ಲ.

"ಏಕೀಕರಣ ಆಗ್ತದ ಅಂತ ಹೇಳು ಮಾಮಾ," ಎಂದೆ ನಾನು. "ಅಜ್ಜ ಸಾಂಗಲಿ ರಾಜಾನ ಕಚೇರಿಯೊಳಗ ಮೂವತ್ತು ವರ್ಷ ಮರಾಠಿ ಮೋಡಿ ಲಿಪಿ ಬರದು ಬರದು ಕಣ್ಣು ಕಳಕೊಂಡಾನ. ಅದ ಆಸೆ ಇರಬೇಕು."

ನಾನು ಚೇಷ್ಟೆಗೆ ಹೇಳಿದ್ದು. ಮಾಮಾ ಖರೇನೇ ಕೈಯೆತ್ತಿದ. "ಅಪ್ಪಾ, ಶಿರಹಟ್ಟಿ ಕನ್ನಡ ರಾಜ್ಯದಾಗ ಬರ್ತದ. ಇನ್ನ ಮೋಡಿ ಬರಿಯೂ ತ್ರಾಸಿಲ್ಲ. ಬಾರಪಾ."

ಕಾಗೆ ಹಾರಿ ಇನ್ನೂ ದೂರದ ಮರಕ್ಕೆ ಹೋಯಿತು. ಅದಕ್ಕೆ ರಾಜ್ಯ ಪುನರ್ವಿಂಗಡಣೆಯಲ್ಲಿ ಆಸಕ್ತಿ ಇದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಮಾಮಾನ ತುಟಿ ಒಣಗಿತ್ತು. ಒಮ್ಮೆ ತಲೆ ಸುತ್ತಿ ಗೋಡೆ ಹಿಡಿದ. ಫಕ್ಕೀರಪ್ಪ ಅದನ್ನು ನೋಡಿದ. "ನೀವು ಒಳಗ ಹೋಗ್ರಿ ದೀಕ್ಷಿತರ. ಮಂದಿ ಎದುರಿಗೆ ನಿಂತ್ರ ಕಾಗಿ ಬರಂಗಿಲ್ಲ. ಸಣ್ಣ ರಾಯರ, ನೀವೂ ಹೋಗ್ರಿ. ನಾ ಮರಿಯಾಗ ನಿಂತು ನೋಡತೇನಿ."

ಒಳಗೆ ಹೋಗಿ ಕೂತೆವು. ಕಾಲು ಗಂಟೆಯೂ ಆಗಿರಲಿಲ್ಲ. "ಬಂತ್ರೀ! ಮುಟ್ಟಿತ್ರೀ!" ಎಂದು ಫಕ್ಕೀರಪ್ಪ ಕೂಗಿದ. ಮಾಮಾ ಎದ್ದು ನಿಂತ. ಕಣ್ಣಲ್ಲಿ ನೀರು ಬಂದಿತ್ತು. ನಾನು ಕೂಡ, ನನ್ನ ಸಿದ್ಧಾಂತಗಳನ್ನೆಲ್ಲ ಇಟ್ಟುಕೊಂಡು, ಹತ್ತು ಕ್ಷಣ ನಂಬಿದೆ.

ಸಂಜೆ ಎಲೆ ತೆಗೆಯಲು ಹೋದವನು ನಾನು. ಕೋಬಿಸಿನ ಎಲೆಯ ಅಡಿಯಲ್ಲಿ ತತ್ತಿಯ ಚಿಪ್ಪಿನ ಚೂರುಗಳಿದ್ದವು, ಗೋಡೆಯ ಮೇಲೆ ಒಂದು ತೊಟ್ಟು ಹಳದಿ. ಹಿಂದೆ ಫಕ್ಕೀರಪ್ಪ ನಿಂತಿದ್ದ.

"ಒಡದ ತತ್ತಿ ಬುಟ್ಟಿಯೊಳಗಿಂದ ಒಂದು ತಂದಿಟ್ಟೆರೀ," ಎಂದ ಮೆಲ್ಲಗೆ. "ಮುದುಕಪ್ಪ ನೀರಿಲ್ದ ಸಾಯಾಕ ಹತ್ತಿದ್ರಲ್ರಿ. ಹೇಳಬ್ಯಾಡ್ರಿ ಅವರಿಗೆ."

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೇರೇನೂ ಕೇಳಲಿಲ್ಲ. ಒಳಗೆ ಮಾಮಾ ಊರಿಗೆ ಕಾರ್ಡು ಬರೆಯುತ್ತಿದ್ದ.

ಐದನೆಯ ದಿನ: ಮೂರು ಅಂಶಗಳು

ಮರುದಿನ ಕಾಗೆ ಮತ್ತೆ ಬಂತು. ಅದರ ಮರುದಿನ ನಾಲ್ಕೈದು ಬಂದವು. ತತ್ತಿಯ ರುಚಿ ಕಂಡವು ಗೋಡೆಯ ಮೇಲೆ ಹುಡುಕಿದವು, ಅಂಗಳದಲ್ಲಿ ಹುಡುಕಿದವು. ನಾಲ್ಕನೆಯ ಕೋಳಿಮನೆಯ ಗವಾಕ್ಷಿಯ ತಂತಿಬಲೆ ಒಂದು ಮೂಲೆಯಲ್ಲಿ ಸಡಿಲಾಗಿತ್ತು. ಐದನೆಯ ದಿನ ಕಾರೆನ್ ಒಳಗೆ ಹೋದಾಗ ಒಂದು ಕಾಗೆ ಕೋಳಿಗಳು ಕುಡಿಯುವ ನೀರಿನ ತೊಟ್ಟಿಯ ಅಂಚಿನಲ್ಲಿ ಕೂತು ನೀರು ಕುಡಿಯುತ್ತಿತ್ತು. ತೊಟ್ಟಿಯಲ್ಲಿ ಅದರ ಹಿಕ್ಕೆ.

ಆಕೆ ಕಾಗೆ ಓಡಿಸಿ, ತೊಟ್ಟಿ ತಿಕ್ಕಿ, ಬಲೆ ಬಿಗಿದು, ಇಲಿಯ ಬಿಲಕ್ಕಾಗಿ ಮೊಣಕಾಲೂರಿ ಸುತ್ತ ಹುಡುಕಿದಳು. ಆಮೇಲೆ ನನ್ನ ಹತ್ತಿರ ಬಂದಳು. ಕಾಗೆಗಳು ಈ ಮೊದಲು ಇಷ್ಟು ಹತ್ತಿರ ಬರುತ್ತಿರಲಿಲ್ಲ. ಅಂದು ಅನ್ನವನ್ನು ಬಿಟ್ಟು ಬೇರೇನಾದರೂ ಇಟ್ಟಿದ್ದಿರಾ?

ಇಲ್ಲಿ ನಾನು ಹೇಳಬಹುದಾಗಿದ್ದ ವಾಕ್ಯ ಒಂದೇ, ಅದೂ ಸಣ್ಣದು. ಅದರ ಬದಲು ವಾದ ಮಂಡಿಸಿದೆ. ಒಂದು, ಇದು ಸುಗ್ಗಿಯ ಕಾಲ, ಸುತ್ತಲ ಹೊಲಗಳಿಂದ ಕಾಗೆಗಳು ಊರೊಳಗೆ ಬರುವುದು ಸಹಜ. ಎರಡು, ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ. ಮೂರು, ಬಲೆ ಸಡಿಲಾದದ್ದು ನಾವು ಬರುವ ಮೊದಲೇ. ಮೂರೂ ಸರಿಯಾದ ಅಂಶಗಳು. ಯಾವ ತೀರ್ಪುಗಾರನೂ ನನಗೇ ಬಹುಮಾನ ಕೊಡುತ್ತಿದ್ದ. ಮಾಮಾನ ಸಂತೋಷ ಕೆಡಬಾರದೆಂದು ಹಾಗೆ ಮಾಡಿದೆ ಎಂದು ಅಂದುಕೊಂಡೆ. ಗೆಲ್ಲುವ ಖುಷಿಯೂ ಇತ್ತು.

ಕಾರೆನ್ ಗೋಡೆಗೆ ತೂಗುಹಾಕಿದ ದಾಖಲೆಯ ವಹಿ ತೆಗೆದಳು. ಸತ್ತ ಕೋಳಿ, ಬಂದ ಅತಿಥಿ, ಬದಲಿಸಿದ ನೀರು ಎಲ್ಲ ಅದರಲ್ಲಿರುತ್ತದೆ. ನನ್ನ ಮೂರು ಅಂಶಗಳನ್ನು ನಿಧಾನವಾಗಿ ಬರೆದುಕೊಂಡಳು. "ನೀವು ಓದಿದವರು," ಎಂದಳು. ವ್ಯಂಗ್ಯವಿರಲಿಲ್ಲ. ಆ ದೇಶದಲ್ಲಿ ಅದನ್ನು ಹೊಗಳಿಕೆಯಾಗಿಯೇ ಹೇಳುತ್ತಾರೆ.

ಹತ್ತನೆಯ ದಿನ: ಬಿಳಿಯ ತಟ್ಟೆ

ತಪಾಸಣೆಯ ಅಧಿಕಾರಿ ಬಿಳಿಯ ಪಿಂಗಾಣಿ ತಟ್ಟೆ ಹರವಿ ಕೂತ. ಕೋಳಿಯ ರೆಕ್ಕೆಯಡಿ ಸೂಜಿ ತಾಗಿಸಿ ಒಂದು ಹನಿ ರಕ್ತ, ಅದರ ಮೇಲೆ ಒಂದು ಹನಿ ನೇರಳೆ ಬಣ್ಣದ ಔಷಧ. ಎರಡೂ ನುಣ್ಣಗೆ ಬೆರೆತರೆ ಕೋಳಿ ಶುದ್ಧ. ಒಡೆದ ಹಾಲಿನಂತೆ ಕಣಕಣವಾದರೆ ಒಳಗೆ ಜಂತುವಿದೆ. ಫಕ್ಕೀರಪ್ಪ ಕೋಳಿ ಹಿಡಿದುಕೊಡುತ್ತಿದ್ದ. ಮಾಮಾ ಬಾಗಿಲಲ್ಲಿ ನಿಂತು ತನ್ನಷ್ಟಕ್ಕೆ ಏನೋ ಜಪಿಸುತ್ತಿದ್ದ.

ಒಂದು, ಎರಡು, ಮೂರನೆಯ ಕೋಳಿಮನೆಗಳು ನುಣ್ಣಗೆ ದಾಟಿದವು. ನಾಲ್ಕನೆಯದರಲ್ಲಿ ಮೂರು ಕೋಳಿಗಳ ರಕ್ತ ಒಡೆಯಿತು.

ಕಾರೆನ್ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಅಧಿಕಾರಿ ಒಂದು ಪ್ರಶ್ನೆ ಕೇಳಿ, ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಮತ್ತೆ ಹೇಳಿದ. ಇದು ಹೊರಗಿನಿಂದ ಈ ಒಂದು ಮನೆಗೆ ಬಂದದ್ದೆಂದು ಗೊತ್ತಾದರೆ ಈ ಮನೆಯ ಕೋಳಿಗಳನ್ನಷ್ಟೇ ತೆಗೆದು, ಉಳಿದವನ್ನು ಮತ್ತೆ ಪರೀಕ್ಷಿಸಬಹುದು. ಹೊರಗಿನ ಕಾರಣ ಇಲ್ಲದಿದ್ದರೆ ಮರಿಯಿದ್ದಾಗಿನಿಂದಲೇ ಅವುಗಳಲ್ಲಿ ಇದೆ ಎಂದಾಗುತ್ತದೆ, ಎಲ್ಲವೂ ಹೋಗಬೇಕು. ಹೊರಗಿನಿಂದ ಏನಾದರೂ ಒಳಗೆ ಬಂದಿತ್ತೆ?

"ಒಂದು ಕಾಗೆ," ಎಂದಳು ಕಾರೆನ್. "ನೀರಿಗೆ."

ಒಂದು ಕಾಗೆ, ಒಂದು ಗುಟುಕು ನೀರು, ಅದು ಸಾಲದು ಎಂದ ಅಧಿಕಾರಿ. ಕಾಗೆಗಳನ್ನು ಯಾರಾದರೂ ಮೇಯಿಸಿದ್ದರೆ, ಅವು ದಿನವೂ ಬರುತ್ತಿದ್ದರೆ ಬೇರೆ ಮಾತು. ಆಕೆ ನನ್ನ ಕಡೆ ನೋಡಿದಳು. "ಇಲ್ಲ. ಅವು ತಾವಾಗಿ ಬಂದವು. ಇವರು ಹೇಳಿದ್ದಾರೆ."

"ಏನಂತರಿ ಅವ?" ಎಂದ ಫಕ್ಕೀರಪ್ಪ, ಕಂಕುಳಲ್ಲಿ ಕೋಳಿ ಹಿಡಿದುಕೊಂಡೇ.

ಹೇಳಿದೆ. ಆತ ಒಂದು ಕ್ಷಣವೂ ತಡೆಯಲಿಲ್ಲ.

"ಹಂಗಾರ ಹೇಳ್ರಿ."

"ಏನ ಹೇಳ್ಲಿ?"

"ನಾ ತತ್ತಿ ಇಟ್ಟೆ ಅಂತ ಹೇಳ್ರಿ. ಅದಕ್ಕ ಕಾಗಿ ಬಂದಾವು ಅಂತ. ಕರೆವ್ವನ ಕೋಳಿ ಎಲ್ಲಾ ಹೋಗ್ತಾವಲ್ರಿ, ಏನ ನೋಡ್ತೀರಿ? ಹೇಳ್ರಿ!"

ಬಾಗಿಲಿನಿಂದ ಮಾಮಾ ಕೇಳಿದ. "ಯಾವ ತತ್ತಿ?"

ಮಾಮಾ ಒಮ್ಮೆ ಫಕ್ಕೀರಪ್ಪನ ಮುಖ ನೋಡಿದ, ಒಮ್ಮೆ ನನ್ನದು. ಹೆಡ್‌ಮಾಸ್ತರನಾಗಿದ್ದವನು, ವರ್ಗದಲ್ಲಿ ಯಾರು ಏನು ಮಾಡಿದ್ದಾರೆಂದು ಕೇಳದೆ ತಿಳಿಯುವ ರೂಢಿಯಿತ್ತು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಬುಟ್ಟಿಯಿಂದ ತೆಗೆದ ಒಡೆದ ತತ್ತಿ, ಯಾವ ದಿನ, ಯಾವ ಗೋಡೆ, ಆಮೇಲೆ ದಿನದಿನಕ್ಕೆ ಎಷ್ಟು ಕಾಗೆಗಳು. ಐದನೆಯ ದಿನ ನನಗಿದು ಗೊತ್ತಿತ್ತು ಎನ್ನುವುದನ್ನೂ ಸೇರಿಸಿದೆ. ಅಧಿಕಾರಿ ಬರೆದುಕೊಂಡ. ಐದಾರು ದಿನದಲ್ಲಿ ರಕ್ತದಲ್ಲಿ ಗುರುತು ಮೂಡುವುದು ಸಾಧ್ಯ, ಖಚಿತವಲ್ಲ ಎಂದ. ಆದರೂ ಉಳಿದ ಮೂರು ಮನೆಗಳಿಗೆ ಮೂರು ವಾರದ ಗಡುವು ಕೊಟ್ಟ. ಕಾರೆನ್ ಕೂತಲ್ಲಿಂದಲೇ ವಹಿ ತರಿಸಿ, ನನ್ನ ಮೂರು ಅಂಶಗಳ ಮೇಲೆ ಅಡ್ಡಗೆರೆ ಎಳೆದಳು. ಕೆಳಗೆ ಒಂದೇ ಸಾಲು ಬರೆದಳು. ನನಗೆ ಅವರ ಭಾಷೆ ಬರುವುದಿಲ್ಲ. ಓದಿಸಿಕೊಳ್ಳುವ ಧೈರ್ಯವೂ ಬರಲಿಲ್ಲ.

ಮಾಮಾ ತೊಟ್ಟಿಯಲ್ಲಿ ಕಾಲಿಟ್ಟು ತೊಳೆದುಕೊಂಡು ಹೊರಗೆ ಹೋದ. ನಾನು ಹಿಂದೆ ಹೋದೆ.

"ಎಲ್ಲಾ ಹೇಳಿದೇನು? ಅಕೀಗೆ ತಿಳಿಯೂ ಹಂಗ?"

"ಹೂಂ ಮಾಮಾ."

"ಛಲೋ ಆತು," ಎಂದ.

ಮಧ್ಯಾಹ್ನ ನಾಲ್ಕನೆಯ ಮನೆಯ ಕೋಳಿಗಳನ್ನು ಹೊರಗೆ ತಂದರು. ಫಕ್ಕೀರಪ್ಪ ಎರಡೂ ಕೈಯಲ್ಲಿ ಹೊತ್ತ. ಸುಣ್ಣದ ಚೀಲ ಎತ್ತಿಕೊಟ್ಟವನು ನಾನು. ಆ ಕೆಲಸಕ್ಕೆ ಇಂಗ್ಲಿಷು ಬೇಕಾಗಲಿಲ್ಲ.

ಮರಳುವ ವಿಮಾನ

ಹೊತ್ತು ನೆತ್ತಿಗೇರಿತ್ತು. ಕೆಳಗೆ ಮೋಡ, ಅದರ ಕೆಳಗೆ ಸಮುದ್ರವಿತ್ತೋ ನೆಲವಿತ್ತೋ ತಿಳಿಯುತ್ತಿರಲಿಲ್ಲ. ಫಕ್ಕೀರಪ್ಪ ಕಿಟಕಿಗೆ, ನಾನು ನಡುವೆ, ಮಾಮಾ ಈಚೆಗೆ. ಹಿಂದಿನ ದಿನದಿಂದ ಮಾಮಾ ಆತನೊಡನೆ ಮಾತಾಡಿರಲಿಲ್ಲ. ಫಕ್ಕೀರಪ್ಪ ಎರಡು ಸಲ "ತಪ್ಪಾತ್ರಿ ದೀಕ್ಷಿತರ" ಎಂದಿದ್ದ. ಮಾಮಾ ಎರಡು ಸಲವೂ ತಲೆಯಷ್ಟೇ ಆಡಿಸಿದ್ದ. ನಾನು ಸಮಾಧಾನದ ವಾದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಶ್ರದ್ಧೆ ಮುಖ್ಯ, ಕಾಗೆಯಲ್ಲ; ಗೊತ್ತಿಲ್ಲದೆ ನಡೆದದ್ದಕ್ಕೆ ದೋಷವಿಲ್ಲ; ಹೀಗೆ.

ಅಷ್ಟರಲ್ಲಿ ಮಾಮಾ, ಎದುರಿನ ಆಸನದ ಬೆನ್ನು ನೋಡುತ್ತ, ಮಾತು ತೆಗೆದ.

"ಅಪ್ಪಂದು ಕಡೀ ಬ್ಯಾಸಿಗಿ. ಕ್ಷಯ ಆಗಿತ್ತಲ್ಲ. ಗದಗಿನ ಡಾಕ್ಟರು ಬಂದು ನೋಡಿ ಅಂದ್ರು, ಹಸೀ ತತ್ತಿ ಹಾಲಿನಾಗ ಕಲಿಸಿ ದಿನಾ ಕೊಡ್ರಿ, ಮೈಯಾಗ ತ್ರಾಣ ಬರ್ತದ. ನಾ ಅಪ್ಪನ ಕಡೆ ನೋಡಿದೆ, ಬ್ಯಾಡ ಅಂತಾನ ಅಂತ ತಿಳದಿದ್ದೆ. 'ಔಷಧ ಅಂತ ತಗೊಂಡ್ರ ಏನಾತೋ' ಅಂದ. ಈ ಮನಿಯೊಳಗ ತತ್ತಿ ಬರೂದಿಲ್ಲ ಅಂತ ನಾನ ಅಂದೆ. ಮುಂದ ಹದಿನೈದು ದಿನ ಇದ್ದ. ಮತ್ತ ಆ ಮಾತು ತಗೀಲಿಲ್ಲ."

ಇದನ್ನು ನನ್ನ ತಾಯಿ ಕೂಡ ನನಗೆ ಹೇಳಿರಲಿಲ್ಲ, ಆಕೆಗೂ ಗೊತ್ತಿರಲಿಕ್ಕಿಲ್ಲ. ಹಸಿ ತತ್ತಿಯಿಂದ ಕ್ಷಯ ವಾಸಿಯಾಗುತ್ತಿರಲಿಲ್ಲ ಎನ್ನಬಹುದಿತ್ತು. ಹತ್ತು ದಿನ ಕಲಿತು ಬಂದ ಮೇಲೆ, ಹಸಿ ತತ್ತಿಯೇ ಅಪಾಯ ಎಂದೂ ಸಾಧಿಸಬಹುದಿತ್ತು. ಎರಡೂ ಗಟ್ಟಿ ಅಂಶಗಳು. ಎರಡನ್ನೂ ನುಂಗಿದೆ.

ಮಾಮಾ ನನ್ನ ಮುಂದಿನಿಂದ ಬಾಗಿ ಫಕ್ಕೀರಪ್ಪನ ಮೊಣಕೈ ಮುಟ್ಟಿದ.

"ಫಕ್ಕೀರಪ್ಪಾ, ನಾವು ಒಳಗಿದ್ವಿ. ಮರಿಯಾಗ ನಿಂತು ನೋಡಿದವ ನೀನೊಬ್ಬನ. ನನಗ ಸಮಾಧಾನ ಆಗ್ಲಿ ಅಂತ ಏನೂ ಹೇಳಬ್ಯಾಡ, ಖರೆ ಹೇಳು. ಆ ಕಾಗಿ ಮೊದಲ ಬಾಯಿ ಹಾಕಿದ್ದು ಯಾವುದಕ್ಕ? ಅನ್ನಕ್ಕೋ, ತತ್ತಿಗೋ?"